ರೆಪ್ಪೆಯ ಮೇಲಿನ ಅರಿಶಿನ

ನನ್ನ ಅಪ್ಪಯ್ಯನಿಗೆ, ಸಾಸ್ತಾನದಿಂದ ಮಗಳು ಶ್ರೀಲತಾ ಮಾಡುವ ನಮಸ್ಕಾರ.

ನೀವು ಹೋಗಿ ಮೂವತ್ತೆಂಟು ವರ್ಷವಾದ ಮೇಲೆ ಮೊದಲ ಕಾಗದ ಬರೆಯುತ್ತಿದ್ದೇನೆ. ಇದ್ದಾಗ ಒಂದೂ ಬರೆಯಲಿಲ್ಲ. ಶಿರೂರಿನ ಒಂದೇ ಮಾಡಿನಡಿ ಮಲಗುವವರಿಗೆ ಕಾಗದ ಯಾಕೆ? ಈಗ ಹೇಳಲೇಬೇಕಾದ ಸುದ್ದಿಯಿದೆ, ಅದೂ ನಿಮ್ಮ ಕಣ್ಣಿನದ್ದು.

ನಿಮ್ಮ ಎರಡೂ ರೆಪ್ಪೆಗಳ ಮೇಲೆ, ಮೂಗಿನ ಪಕ್ಕ, ಉಬ್ಬಿದ ಹಳದಿ ಕಲೆಗಳಿದ್ದವಲ್ಲ? ಮಧ್ಯಾಹ್ನ ನೀವು ಬಲೆಯ ರಾಶಿಗೆ ಒರಗಿ ಕಣ್ಣು ಮುಚ್ಚಿದಾಗ ನಾನು ಮೆಲ್ಲಗೆ ಮುಟ್ಟುತ್ತಿದ್ದೆ. ನಿದ್ದೆ ಬಂದವರಂತೆ ನಟಿಸುತ್ತಿದ್ದಿರಿ, ರೆಪ್ಪೆ ಮಾತ್ರ ಅದುರುತ್ತಿತ್ತು. "ಲಕ್ಷ್ಮಿ ಅರಿಶಿನ ಇಟ್ಟದ್ದ್ ಅದ್, ಉಜ್ಜ್‌ಬೇಡ" ಎಂದು ಅಜ್ಜಿ ಗದರುತ್ತಿದ್ದರು. ಲಕ್ಷ್ಮಿ ಅರಿಶಿನ ಇಟ್ಟು ಹಾಗೇ ಹೊರಟುಹೋದಳು, ಮನೆಯೊಳಗೆ ಬಂದದ್ದನ್ನು ನಾನಂತೂ ಕಾಣೆ. ಆದರೂ ಆ ಕಲೆಯೆಂದರೆ ನನಗೆ ಹೆಮ್ಮೆ.

ಆ ದಿನ ದಡದಲ್ಲಿ ಕೈರಂಪಣಿ ಬಲೆ ಎಳೆಯುತ್ತಿದ್ದ ನೀವು ಹಗ್ಗ ಬಿಟ್ಟು, ಎದೆ ಉಜ್ಜಿಕೊಳ್ಳುತ್ತ ಮರಳಲ್ಲಿ ಕೂತಿರಿ. "ಹೆಣೆ, ಗ್ಯಾಸ್ ಆದ್ದ್ ಕಾಂತ್, ಒಂದ್ ಸೋಡ ತಕಂಡ್ ಬಾ" ಅಂದಿರಿ. ನನಗೆ ಹನ್ನೊಂದು ವರ್ಷ. ಓಡಿಹೋಗಿ ಸೋಡ ತಂದೆ. ಕುಡಿಯಲು ನೀವಿರಲಿಲ್ಲ. ನಲವತ್ತನಾಲ್ಕೇ ವರ್ಷ, ಮೈಮೇಲೆ ಕೊಬ್ಬೆಂಬುದೇ ಇಲ್ಲದ ಆಳು. ಊರು ದೃಷ್ಟಿ ಎಂದಿತು. ನಾನು ಮಾತ್ರ ಇನ್ನೂ ಜೋರಾಗಿ ಓಡಬೇಕಿತ್ತು ಅಂದುಕೊಂಡೆ. ಇಷ್ಟು ವರ್ಷವೂ ಅದನ್ನೇ ಅಂದುಕೊಂಡು ಬದುಕಿದೆ.

ನಿಮ್ಮ ಅರಿಶಿನ ನನ್ನ ರೆಪ್ಪೆಗೂ ಬಂತು. ಮಗಳು ಅಕ್ಷಯಾಳ ನಿಶ್ಚಿತಾರ್ಥದ ಫೋಟೊದಲ್ಲಿ ಚಂದ ಕಾಣಲೆಂದು ಅದನ್ನು ತೆಗೆಸಲು ಕುಂದಾಪುರದ ಚರ್ಮದ ಡಾಕ್ಟರಲ್ಲಿಗೆ ಹೋದೆ. ಮುದುಕಿಗೆ ಶೃಂಗಾರ! ಅವರು ಮೊದಲು ರಕ್ತ ಪರೀಕ್ಷೆ ಮಾಡಿಸಿದರು. ಅರಿಶಿನವಲ್ಲವಂತೆ ಅಪ್ಪಯ್ಯ, ಕೊಲೆಸ್ಟ್ರಾಲ್ ಅಂತೆ. ಅದು ಪೂರ್ತಿ ಕೆಟ್ಟದ್ದೂ ಅಲ್ಲ. ಅದಿಲ್ಲದೆ ಮೈ ನಡೆಯದು, ಲಿವರ್ ತಾನೇ ತಯಾರಿಸುತ್ತದೆ. ಆದರೆ ಕೆಲವು ಮನೆತನಗಳಲ್ಲಿ ಹೆಚ್ಚಾದದ್ದನ್ನು ರಕ್ತದಿಂದ ತೆಗೆಯುವ ಕೆಲಸ ಹುಟ್ಟಿನಿಂದಲೇ ಸರಿ ಇರುವುದಿಲ್ಲ. ಸಪೂರ ಇದ್ದರೂ, ಬರೀ ಗಂಜಿ ಉಂಡರೂ ಅದು ಹೃದಯದ ರಕ್ತನಾಳದಲ್ಲಿ ಕಟ್ಟಿಕೊಳ್ಳುತ್ತದೆ. ಇಂಥ ಕಲೆ ಇದ್ದವರಿಗೆಲ್ಲ ಹಾಗೆಂದಲ್ಲ. ನನಗೆ ಮಾತ್ರ ವಿಪರೀತ ಇತ್ತು. "ಮನೆಯಲ್ಲಿ ಇನ್ನು ಯಾರಿಗಿದೆ?" ಎಂದು ಅವರು ಕೇಳಿದಾಗ ನನ್ನ ಚಿಂತೆ ಮರೆತೇ ಹೋಯಿತು. ತಮ್ಮ ಯತೀಶನ ರೆಪ್ಪೆಯಲ್ಲೂ ಅದೇ ಕಲೆ, ಅವನಿಗೀಗ ನಲವತ್ತಮೂರು.

ಫೋನಿನಲ್ಲಿ ಹೇಳಿದರೆ ನಕ್ಕ. "ನಂಗೆಂತ ಆಯಿತ್ ಅಕ್ಕ? ಕಡ್ಡಿ ಹಾಂಗ್ ಇದ್ದೆ. ಬೇಕಾರೆ ಬಂಗ್ಡಿ ಬಿಡ್ತೆ, ರಕ್ತ ಕೊಡುದಿಲ್ಲೆ" ಅಂದ. ಡಾಕ್ಟರು ಮೀನಿನ ಮೇಲೆ ಒಂದು ದೂರೂ ಹೇಳಿರಲಿಲ್ಲ, ಪಾಪದ ಬಂಗುಡೆ!

ಮರುದಿನವೇ ಬಸ್ಸು ಹತ್ತಿ ಶಿರೂರಿಗೆ ಹೋದೆ. ಗೋಡೆಯ ಮೇಲಿದ್ದ ನಿಮ್ಮ ಫೋಟೊ ಇಳಿಸಿದೆ. ನೀವು ಹೋದ ಮೇಲೆ ಅದನ್ನು ದೊಡ್ಡದು ಮಾಡಿಸುವಾಗ ಸ್ಟುಡಿಯೋದವನು ಆ ಕಲೆಗಳನ್ನು ಅಳಿಸುತ್ತೇನೆ ಎಂದಿದ್ದ. "ಅದ್ ಇಲ್ದಿರೆ ಅವ್ರ್ ಅವ್ರೇ ಅಲ್ಲ" ಎಂದು ಅಮ್ಮ ಬಿಡಲಿಲ್ಲ. ಅಮ್ಮ ಈಗ ನಿಮ್ಮ ಹತ್ತಿರವೇ ಇದ್ದಾರೆ, ಕೇಳಿ ನೋಡಿ. ಫೋಟೊದ ಗಾಜು ಒರೆಸಿ, ಅದರ ಪಕ್ಕ ಕನ್ನಡಿ ಹಿಡಿದು ಯತೀಶನನ್ನು ಕೂರಿಸಿದೆ.

ಅವನು ಕನ್ನಡಿಯಲ್ಲೊಮ್ಮೆ, ಫೋಟೊದಲ್ಲೊಮ್ಮೆ ರೆಪ್ಪೆ ನೋಡಿದ. ಆಮೇಲೆ, "ಅಪ್ಪಯ್ಯಂಗೂ ಇದ್ದಿತಾ? ನಾನ್ ಫೋಟೊಕ್ಕೆ ನೀರ್ ತಾಗಿದ್ದ್ ಅಂದ್ಕಂಡಿದ್ದೆ" ಅಂದ. ನೀವು ಹೋದಾಗ ಅವನಿಗೆ ಐದು ವರ್ಷ. ನಿಮ್ಮ ಮುಖ ಅವನಿಗೆ ಗೊತ್ತಿದ್ದದ್ದೇ ಆ ಫೋಟೊದಿಂದ. ನಾನು ಬೆರಳಲ್ಲಿ ಮುಟ್ಟಿದ್ದನ್ನು ಅವನು ಕಂಡೇ ಇರಲಿಲ್ಲ. ಇಷ್ಟು ವರ್ಷ ನನಗೆ ಅದು ಹೊಳೆದೇ ಇರಲಿಲ್ಲ, ಅಪ್ಪಯ್ಯ. ಅಳು ಬಂತು.

"ನಾಳೆ ರಕ್ತ ಕೊಡುಕೆ ಎಂತದೂ ತಿನ್ದೆ ಬರ್ಕಾ, ಅಕ್ಕ?" ಎಂದು ಕೇಳಿದ.

ಅವನ ಕೊಲೆಸ್ಟ್ರಾಲ್ ನನ್ನದಕ್ಕಿಂತಲೂ ಹೆಚ್ಚಿತ್ತು. ಹೃದಯದ ಪರೀಕ್ಷೆಯೂ ಆಯಿತು, ಸಕಾಲಕ್ಕೆ ಬಂದಿರಿ ಎಂದರು. ಇಬ್ಬರೂ ದಿನಾ ಮಾತ್ರೆ ನುಂಗುತ್ತೇವೆ. ಇನ್ನು ಮಕ್ಕಳ ರಕ್ತವನ್ನೂ ತೋರಿಸಬೇಕು.

ನನ್ನ ಕಲೆ ತೆಗೆಸುವುದನ್ನು ಬಿಟ್ಟೆ. ನಿಶ್ಚಿತಾರ್ಥದ ಫೋಟೊದವನಿಗೂ ಹೇಳಿಟ್ಟಿದ್ದೇನೆ, ನನ್ನ ಮುಖ ತಿದ್ದಬೇಡ ಅಂತ. ಮುಂದೆ ಯಾವುದೋ ಮೊಮ್ಮಗು ಕನ್ನಡಿ ಹಿಡಿದು ಆ ಫೋಟೊದೆದುರು ಕೂರಬೇಕಾದೀತು.

ನಿಮ್ಮ ಮಗನಿಗೆ ನಿಮ್ಮ ಕಣ್ಣೇ ಇರಲಿ, ನಿಮ್ಮ ಆಯುಷ್ಯ ಬೇಡ ಎಂದು ಹರಸಿ.

ಸೋಡ ತರಲು ತಡಮಾಡಿದ ನಿಮ್ಮ ಮಗಳು,
ಶ್ರೀಲತಾ