ಮೊಟ್ಟೆ ತಿನ್ನದ ಪ್ರಹ್ಲಾದ್ ಅಂಕಲ್ ಮತ್ತು ನಿಮ್ಮ ಮರಣದಂಡನೆ

ನಮ್ಮ ಕೌಂಟಿಯ ಮಾನ್ಯ ಸರ್ಕಾರಿ ವಕೀಲರೇ,

ನಿಮ್ಮ ಹಿಂದಿನವರು ಕೈಬಿಟ್ಟಿದ್ದ ಮರಣದಂಡನೆಯನ್ನು ನೀವು "ಅತಿ ಘೋರ ಅಪರಾಧಗಳಿಗೆ ಮಾತ್ರ" ವಾಪಸ್ ತಂದಿದ್ದೀರಿ. ಅದನ್ನು ಮತ್ತೆ ಕೈಬಿಡಿ ಎಂದು ಕೇಳಲು ಬರೆಯುತ್ತಿದ್ದೇನೆ. ಕನ್ನಡದಲ್ಲೇಕೆ ಎನ್ನುತ್ತೀರಾ? ನಿಮಗೆ ಓದಲು ಬಾರದಿರಬಹುದು. ಆಸ್ಟಿನ್ ಸುತ್ತಮುತ್ತಲಿನ ನಿಮ್ಮ ಚುನಾವಣಾ ಸಭೆಗಳಲ್ಲಿ ಚಪ್ಪಾಳೆ ತಟ್ಟಿದ ನಮ್ಮ ಅಂಕಲ್‌ಗಳಿಗೆ ಬರುತ್ತದೆ. ಆ ಚಪ್ಪಾಳೆಯನ್ನು ನೀವು ಸಮ್ಮತಿ ಎಂದು ತಿಳಿದಿದ್ದೀರಿ. ಅದನ್ನು ತಿದ್ದುವುದು ನನ್ನ ಕರ್ತವ್ಯ. ಪೌರತ್ವ ಹೊಸದು, ಹಾಗಾಗಿ ಕರ್ತವ್ಯಪ್ರಜ್ಞೆ ಸ್ವಲ್ಪ ಜಾಸ್ತಿ.

ಗ್ಯಾಸ್ ಸ್ಟೇಷನ್ ದರೋಡೆಗೆ ಬಂದು ಕೌಂಟರಿನಲ್ಲಿದ್ದ ಹೆಂಗಸನ್ನು ಕೊಂದ ಆರೋಪದ ಆ ಮೊಕದ್ದಮೆಗೆ, ತೀರ್ಪು ಕೊಡುವ ನಾಗರಿಕರ ಜ್ಯೂರಿ ಆರಿಸಲು ನೀವು ಕರೆಸಿದವರಲ್ಲಿ ನಾನೂ ಒಬ್ಬಳು, ಪಕ್ಕದ ಮನೆಯ ಪ್ರಹ್ಲಾದ್ ಅಂಕಲ್ ಇನ್ನೊಬ್ಬರು. ಅವರ ಕಾರಿನಲ್ಲೇ ಹೋದೆವು. ದಾರಿಯಲ್ಲೇ ಅಂಕಲ್ ತೀರ್ಪು ಕೊಟ್ಟರು.

"ಇಂಥೋರ್ನ ನಡುರಸ್ತೇಲಿ ನೇತಾಕ್ಬೇಕು ಕಣಮ್ಮ."

"ಕೇಸೇ ಶುರುವಾಗಿಲ್ಲ, ಅಂಕಲ್."

"ಕೋರ್ಟಿನೋರು ಕಳ್ಸಿದ ಪಾಂಪ್ಲೆಟ್ ಓದ್ಕೊಂಡು ಲಾಯರಾಗ್ಬಿಟ್ಟೆ ನೀನು!"

ಕೋರ್ಟಿನಲ್ಲಿ ಒಬ್ಬೊಬ್ಬರನ್ನೇ ಒಳಗೆ ಕರೆದು ಕೇಳಿದಿರಿ: ಅಪರಾಧ ಸಾಬೀತಾದರೆ ಸಾವಿನ ಶಿಕ್ಷೆ ಕೊಡಬಲ್ಲಿರಾ? ನಾನು ಆಗುವುದಿಲ್ಲ ಎಂದೆ. ಧನ್ಯವಾದ ಹೇಳಿ ಬಾಗಿಲು ತೋರಿಸಿದಿರಿ. ಹೊರಡುವಾಗ ಆರೋಪಿಯನ್ನು ನೋಡಿದೆ. ಯಾರದೋ ಕೋಟು, ತೋಳು ಬೆರಳಿನ ತುದಿಯವರೆಗೆ. ಬೇಡ ಎನ್ನುವವಳೊಬ್ಬಳು ಹೊರಗೆ ಹೋಗುವುದನ್ನು ಅವನು ನೋಡುತ್ತಿದ್ದ.

ಅಂಕಲ್ ಇನ್ನೂ ಬೇಗ ಹೊರಬಂದರು, ನಗುತ್ತಾ.

"ಮೊಟ್ಟೇನೂ ಮುಟ್ಟಲ್ಲ, ಕೊಲ್ಲೋದು ನಮ್ಮಲ್ಲಿ ಮಹಾಪಾಪ ಅಂದೆ. ಬಿಟ್ಟೇಬಿಟ್ರು! ಆಫೀಸಲ್ಲಿ ಸಾಫ್ಟ್‌ವೇರ್ ರಿಲೀಸ್ ಇದೆ, ವಾರಗಟ್ಟಲೆ ಅಲ್ಲಿ ಕೂತ್ಕೊಳಕ್ಕಾಗತ್ತಾ?"

"ನೇತಾಕ್ಬೇಕು ಅಂದ್ರಲ್ಲ ಅಂಕಲ್?"

"ಹಾಕ್ಲಿ. ಹಾಕಿ ಅಂತ ನಾನೇ ಹೇಳ್ಬೇಕಾ?" ಪಾರ್ಕಿಂಗಿನಿಂದ ಕಾರು ತೆಗೆದು ರಸ್ತೆಗೆ ಬಂದರು. ಆಮೇಲೆ, "ನಿಜ ಹೇಳ್ಲಾ? ಆ ಹುಡುಗನ್ನ ಎದುರಿಗೆ ನೋಡ್ದಾಗ, ಸುಳ್ಳು ಹೇಳ್ತಿದೀನಿ ಅಂತ ಅನ್ನಿಸ್ಲೇ ಇಲ್ಲ."

ಮಾನ್ಯರೇ, ಇದು ನಿಮ್ಮ ಕಟ್ಟಾ ಬೆಂಬಲಿಗರ ಸಾಕ್ಷ್ಯ. ಕೊಲ್ಲಲು ಒಪ್ಪದವರನ್ನೆಲ್ಲ ಹೊರಗೆ ಕಳಿಸಿ, ಉಳಿದವರನ್ನು ಕೂರಿಸಿ, ಅವರ ತೀರ್ಪನ್ನು "ಸಮಾಜದ ಆತ್ಮಸಾಕ್ಷಿ" ಎನ್ನುತ್ತೀರಲ್ಲ, ಇದೆಂಥ ಜಾಣತನ? ಉಪ್ಪಿಟ್ಟು ಬೇಡ ಎಂದವರನ್ನೆಲ್ಲ ಮನೆಗೆ ಕಳಿಸಿದರೆ ನಮ್ಮ ಕನ್ನಡ ಸಂಘದಲ್ಲೂ ಉಪ್ಪಿಟ್ಟು ಸರ್ವಾನುಮತದಿಂದ ಗೆಲ್ಲುತ್ತದೆ.

ಸತ್ತವಳ ತಾಯಿಗೆ ಏನು ಹೇಳುತ್ತೀಯ ಎಂದು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಆಕೆ ಅಂದು ಕೋರ್ಟಿನ ಮುಂದಿನ ಸಾಲಿನಲ್ಲೇ ಕೂತಿದ್ದರು; ಅವರ ಮುಖ ನೋಡುವ ಧೈರ್ಯ ನನಗೆ ಬರಲಿಲ್ಲ. ಆದರೆ ಅವನು ಅಪರಾಧಿಯಾದರೆ ಸಾಯುವವರೆಗೂ ಹೊರಗೆ ಬಿಡದ ಶಿಕ್ಷೆ ನಿಮ್ಮ ಕಾನೂನಿನಲ್ಲೇ ಇದೆ. ತಪ್ಪಾಗಿದ್ದರೆ ಜೈಲಿನ ಬಾಗಿಲನ್ನು ತೆರೆಯಬಹುದು. ಮರಣದಂಡನೆಗೆಂದು ಚುಚ್ಚಿದ ಸೂಜಿಯ ವಿಷವನ್ನು ವಾಪಸ್ ಎಳೆಯುವ ಪಂಪು, ತೈಲ ಕಂಪನಿಗಳೇ ತುಂಬಿರುವ ಹ್ಯೂಸ್ಟನ್ನಿನ ಎನರ್ಜಿ ಕಾರಿಡಾರಿನಲ್ಲೂ ಸಿಗುವುದಿಲ್ಲ.

ಜ್ಯೂರಿ ಇನ್ನೂ ಪ್ರಮಾಣ ಮಾಡಿಲ್ಲ. ಅಷ್ಟರೊಳಗೆ ಆ ಹುಡುಗನ ಸಾವು ಕೇಳುವುದನ್ನು ನಿಲ್ಲಿಸಿ. ಆಗುವುದಿಲ್ಲವೆಂದರೆ ನಿಮ್ಮ ಮುಂದಿನ ಸಭೆಯಲ್ಲಿ ಚಪ್ಪಾಳೆ ತಟ್ಟುವವರನ್ನು ಒಬ್ಬೊಬ್ಬರನ್ನೇ ಕರೆತಂದು, ಅವನ ಎದುರು ನಿಲ್ಲಿಸಿ ಅದೇ ಪ್ರಶ್ನೆ ಕೇಳಿ. ಎಷ್ಟು ಮಂದಿ ಇದ್ದಕ್ಕಿದ್ದಂತೆ ಮೊಟ್ಟೆ ತಿನ್ನುವುದನ್ನು ಬಿಡುತ್ತಾರೋ ನೋಡೋಣ.

ಇಂತಿ,
ನಿಮ್ಮ ಕೋರ್ಟಿಗೆ ಬೇಡವಾದ, ಈ ಪತ್ರದ ನಂತರ ಪ್ರಹ್ಲಾದ್ ಅಂಕಲ್ ಕಾರಿಗೂ ಬೇಡವಾಗುವ,
ಹರ್ಷಿಣಿ