ಆರು ಮೂಲೆಯ ಜೋಳದ ಹೊಲ

೧೨-೧೦-೧೯೮೧, ಸೋಮವಾರ. ಹಿರೇಕೊಟ್ನೆಕಲ್.

ಬೆಳಿಗ್ಗೆ ಹೊಲ ನೋಡಿ, ಈ ವರ್ಷದ ಪ್ರಯೋಗ ಕೆಟ್ಟೇ ಹೋಯಿತು ಅಂದುಕೊಂಡೆ. ಗೊಬ್ಬರ ಏರಿಸಿದಂತೆ ಜೋಳದ ಇಳುವರಿ ಎಷ್ಟು ವೇಗವಾಗಿ ಏರುತ್ತದೆಂದು ತಿಳಿಯಲು, ಯೂರಿಯಾ ಮತ್ತು ಸೂಪರ್ ಗೊಬ್ಬರದ ಪ್ರಮಾಣಗಳನ್ನು ಕಾಗದದ ಮೇಲೆ ಷಟ್ಕೋನದ ಮೂಲೆಗಳಲ್ಲೂ ನಡುವೆಯೂ ಗುರುತಿಸಿ ಹೊಲ ನೋಡಿಕೊಳ್ಳುವ ಉರುಕುಂದಪ್ಪನಿಗೆ ಕೊಟ್ಟಿದ್ದೆ. ಅವನು ಆ ಚಿತ್ರವನ್ನೇ ನೆಲಕ್ಕಿಳಿಸಿ, ರಂಗೋಲಿಯಂತೆ ಮಡಿ ಕಟ್ಟಿ ಬಿತ್ತಿದ್ದಾನೆ.

“ಆ ಮೂಲಿ ಲೆಕ್ಕಕ್ಕಪ್ಪಾ, ಹೊಲಕ್ಕಲ್ಲ,” ಎಂದೆ.

“ಮದ್ಲ ಹೇಳಬಾರದೇನ್ರಿ? ಮೂಲಿ ಕೂಡಿಸಾಕ ಹೋಗಿ ನಡಾ ಬಿದ್ದೋತು.”

ಮಧ್ಯಾಹ್ನ ರಾಯಚೂರಿನಿಂದ ನಮ್ಮ ಪ್ರೊಫೆಸರು ಬಂದು ಪ್ರತಿ ಮಡಿಗೆ ಹಾಕಿದ ಗೊಬ್ಬರದ ಪ್ರಮಾಣ ವಿಚಾರಿಸಿದರು. ಒಂದೂ ತಪ್ಪಿರಲಿಲ್ಲ, ಮಡಿಗಳ ಅಳತೆಯೂ ಸಮ. “ಇಳುವರಿ ಏರೋ ಲೆಕ್ಕ ಹಿಂಗೂ ಸಿಗ್ತದ, ಇರ್ಲಿ ಬಿಡ್ರಿ,” ಎಂದು ನಕ್ಕರು.

“ಮುಂದಿನ ಸಲ ಎಷ್ಟ್ ಮೂಲಿ ಮಾಡ್ಲಿ, ಸಾಹೇಬ್ರ?”

“ಎಂಟು ಮಾಡಪಾ.”

ಉರುಕುಂದಪ್ಪ ಸೊಂಟ ಹಿಡಿದುಕೊಂಡು ಅಲ್ಲೇ ಕೂತ. ಇದನ್ನು ಬರೆಯುವಾಗಲೂ ನನಗೆ ನಗು ನಿಂತಿಲ್ಲ. ಆದರೂ ಎಂಟು ಮೂಲೆಗಾದರೆ ಹೊಲದಂಚಿನ ಬೇವಿನ ಮರದ ಕಡೆ ಜಾಗ ಸಾಲದು, ಈಚೆಗೆ ಸರಿಸಿದರೆ…