ಒಲೆಯ ಮುಂದಿನ ಸಡಿಲ ಟೈಲ್ಸ್

ಭಾನುವಾರ, ಮಧ್ಯಾಹ್ನ

ನನ್ನ ಮುದ್ದಿನ ಪುಟ್ಟಿಗೆ,

ಅಕ್ಕನ ಪ್ರೀತಿಯ ನೆನಪುಗಳು. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ಅತ್ತುಬಿಡುತ್ತೀಯ, ನಾನು ಬೈದುಬಿಡುತ್ತೇನೆ. ಕಾಗದದಲ್ಲಾದರೆ ಇಬ್ಬರೂ ಸ್ವಲ್ಪ ಮರ್ಯಾದೆಯಿಂದ ಇರುತ್ತೇವೆ.

ಗುರುವಾರ ನಿನ್ನ ಹೊಸ ಅಡುಗೆಮನೆ ನೋಡಿ ಚೆನ್ನಾಗಿದೆ ಅಂತ ಬಾಯಿತುಂಬ ಹೇಳಲಿಲ್ಲ. ಈಗ ಹೇಳುತ್ತೇನೆ, ಚೆನ್ನಾಗಿದೆ. ಹೊಟ್ಟೆ ಉರಿಯಿತು ಕಣೇ. ಆ ದೊಡ್ಡ ಕಿಟಕಿ, ಎಳೆದರೆ ಸದ್ದೇ ಇಲ್ಲದೆ ಬರುವ ಡ್ರಾಯರು, ಕೈ ತೊಳೆಯಲು ಒಂದು, ಪಾತ್ರೆ ತೊಳೆಯಲು ಒಂದು ಅಂತ ಎರಡೆರಡು ನಲ್ಲಿ. ನಮ್ಮನೆಯ ಒಂದೇ ನಲ್ಲಿಗೆ ನಿನ್ನ ಭಾವ ಸೈಕಲ್ ಟ್ಯೂಬು ಸುತ್ತಿದ್ದಾರೆ. ಊರಿನವರ ಮನೆಗೆಲ್ಲ ನೆಲ ಹಾಕುವ ಮನುಷ್ಯ ನಮ್ಮ ಬಚ್ಚಲಿಗೆ ಅಲ್ಲಿ ಇಲ್ಲಿ ಉಳಿದ ಟೈಲ್ಸ್ ತಂದು ಹಾಕಿದ್ದಾರೆ, ಒಂದರ ಬಣ್ಣ ಇನ್ನೊಂದಕ್ಕಿಲ್ಲ.

ಷಡ್ಡಕರಿಬ್ಬರೂ ಒಬ್ಬನೇ ಮೇಸ್ತ್ರಿಯ ಕೈಕೆಳಗೆ ಕೆಲಸ ಕಲಿತವರು, ಒಂದೇ ಡಬ್ಬಿಯಲ್ಲಿ ಉಂಡವರು. ನಿನ್ನ ಗಂಡ ಪರೀಕ್ಷೆ ಕಟ್ಟಿ ಕಂಟ್ರಾಕ್ಟರ್ ಲೈಸೆನ್ಸ್ ತಗೊಂಡ, ಇವರು ಕರಣೆ ಹಿಡಿದುಕೊಂಡೇ ಉಳಿದರು. ಆ ಲೈಸೆನ್ಸಿಗೆ ಗಾಜು ಕಟ್ಟಿಸಿ ಬಾಗಿಲ ಎದುರಿಗೇ ತೂಗುಹಾಕಿದ್ದೀರಲ್ಲ, ನಾನು ಬಂದಾಗೆಲ್ಲ ಬೇಕೆಂದೇ ಅತ್ತ ನೋಡದೆ ಒಳಗೆ ಬರುತ್ತೇನೆ. ನೀನು ಗಮನಿಸಿದ್ದೀಯೋ ಇಲ್ಲವೋ.

ಈಗ ವಿಷಯಕ್ಕೆ ಬರುತ್ತೇನೆ. ಆ ನರ್ಸಿಂಗ್ ಹೋಮ್ ಪೂರ್ತಿ ನಿನ್ನ ಗಂಡನ ಕಂಟ್ರಾಕ್ಟು, ನೆಲದ ಕೆಲಸ ಮಾತ್ರ ನಿನ್ನ ಭಾವನದು. ರೋಗಿಗಳು ಆ ನೆಲದ ಮೇಲೆ ಓಡಾಡಲು ಶುರುಮಾಡಿ ಎಷ್ಟೋ ಕಾಲವಾಯಿತು, ಇವರ ಬಾಕಿ ಮಾತ್ರ ಬಂದಿಲ್ಲ. ಕೇಳಿದಾಗೆಲ್ಲ ನೋಡೋಣ ಅಣ್ಣ, ನೋಡೋಣ ಅಣ್ಣ ಅನ್ನುತ್ತಾನೆ ನಿನ್ನ ಗಂಡ. ಇವರ ಜೊತೆಗಿದ್ದ ಕೆಲಸಗಾರರು ಕೂಲಿ ಸಿಗದೆ ಬೇರೆ ಕಡೆ ಹೋದರು. ಸಿಮೆಂಟ್ ಅಂಗಡಿಯವನು ಇವರನ್ನು ಕಂಡರೆ ಮುಖ ತಿರುಗಿಸುತ್ತಾನೆ. ಈ ತಿಂಗಳೂ ದುಡ್ಡು ಬರದಿದ್ದರೆ ಟೈಲ್ಸ್ ಕತ್ತರಿಸುವ ಮೆಷಿನ್ನು ಮಾರಬೇಕು. ಅದು ಹೋದರೆ ಈ ವಯಸ್ಸಿನಲ್ಲಿ ಇವರು ಮತ್ತೆ ಇನ್ನೊಬ್ಬರ ಕೈಕೆಳಗೆ ದಿನಗೂಲಿಗೆ ಹೋಗಬೇಕು.

ಟೈಲ್ಸ್ ಕೆಲಸದವರ ಒಂದು ಅಭ್ಯಾಸ ನಿನಗೂ ಗೊತ್ತು. ಎಲ್ಲ ಹಾಕಿ ಮುಗಿಸಿ, ದಿನಾ ತುಳಿಯುವ ಜಾಗದಲ್ಲಿ ಒಂದನ್ನು ಮಾತ್ರ ಸಿಮೆಂಟಿಲ್ಲದೆ ಹಾಗೇ ಕೂರಿಸಿ ಹೋಗುತ್ತಾರೆ. ಜಗಳವಿಲ್ಲ, ಕೂಗಾಟವಿಲ್ಲ. ಕೊನೆಯ ದುಡ್ಡು ಕೈಸೇರಿದ ದಿನ ಬಂದು ಗಟ್ಟಿ ಮಾಡಿಕೊಡುತ್ತಾರೆ. ನರ್ಸಿಂಗ್ ಹೋಮಿನಲ್ಲಿ ಇವರು ಅದನ್ನೂ ಮಾಡಲಿಲ್ಲ. ನಮ್ಮವರ ಹತ್ತಿರ ಅದೆಲ್ಲ ಏನು ಅಂತ, ಬಾಗಿಲ ಬಳಿಯ ಕೊನೆಯ ಟೈಲ್ಸನ್ನೂ ಕೂರಿಸಿ ಒರೆಸಿ ಬಂದರು.

ಅದನ್ನು ನೆನೆದು ನೆನೆದು ನಿನ್ನ ಭಾವ ಕೆಂಡವಾಗಿದ್ದಾರೆ. ಲೈಸೆನ್ಸ್ ಆಫೀಸಿಗೆ ದೂರು ಕೊಟ್ಟೇ ತೀರುತ್ತೇನೆ ಅಂತ ಹಟ ಹಿಡಿದಿದ್ದಾರೆ. ನಾನು ಬೇಡ ಬೇಡ ಅಂತಲೇ ಇದ್ದೆ, ಎಷ್ಟೆಂದು ತಡೆಯಲಿ?

ನಿಜ ಹೇಳಲೇ, ಗುರುವಾರ ನಾನು ಬಂದಿದ್ದು ಇವರ ದುಡ್ಡು ಎಲ್ಲಿಗೆ ಹೋಯಿತು ಅಂತ ನೋಡಲಿಕ್ಕೆ. ನೆಲ ನೋಡಿದೊಡನೆ ಗೊತ್ತಾಯಿತು, ಇದು ಇವರ ಕೈಯಲ್ಲ. ಮನೆಯಲ್ಲೇ ಭಾವನಿರುವಾಗ ಹೊರಗಿನವನನ್ನು ಕರೆಸಿದ್ದೀರಿ. ನೀನು ಚಹಾ ಸೋಸುತ್ತಾ ಸಕ್ಕರೆ ಡಬ್ಬಿ ಕೇಳಿದೆ, ನಾನು ಒಲೆಯ ಮುಂದೆ ಕಾಲಿಟ್ಟೆ. ಟೊಕ್ ಅಂದಿತು. ಇನ್ನೊಂದು ಸಲ ಒತ್ತಿದೆ, ಅಲುಗಾಡಿತು. ಸುತ್ತಲಿನ ಸಂದಿಯಲ್ಲಿ ಬಿಳಿ ಸಿಮೆಂಟೂ ಇರಲಿಲ್ಲ. ಟೈಲ್ಸ್ ಕೆಲಸದವನ ಹೆಂಡತಿಗೆ ಅಷ್ಟು ಸಾಲದೇ? ತಲೆ ಎತ್ತಿದರೆ ನೀನು ನನ್ನನ್ನೇ ನೋಡುತ್ತಿದ್ದೆ. ಸೋಸುವುದನ್ನು ಅಲ್ಲಿಗೇ ಬಿಟ್ಟು ಬಂದು ಅದರ ಮೇಲೆ ನಿಂತುಬಿಟ್ಟೆ. ಆಮೇಲೆ ನಾನು ಹೊರಡುವವರೆಗೂ ಅಲ್ಲಿಂದ ಕದಲಲಿಲ್ಲ. ಚಹಾ ನಾನೇ ಬಗ್ಗಿಸಿಕೊಂಡು ಕುಡಿದೆ.

ಹೊರಗಿನವನನ್ನು ಯಾಕೆ ಕರೆಸಿದಿರಿ ಅಂತ ಕೇಳಿದ್ದಕ್ಕೆ ನೀನು ನಿನ್ನ ಕಾಲನ್ನೇ ನೋಡುತ್ತಾ ಅಂದೆ, “ಭಾವನ ದುಡ್ಡೇ ಇನ್ನೂ ಕೊಟ್ಟಿಲ್ಲ ಅಕ್ಕ. ನಮ್ಮ ಮನೆಗೂ ಬನ್ನಿ ಅನ್ನೋಕೆ ಇವರಿಗೆ ಮುಖ ಇರಲಿಲ್ಲ.” ನರ್ಸಿಂಗ್ ಹೋಮಿನ ಮಾಲೀಕ ಕೊನೆಯ ಕಂತು ತಡೆದಿದ್ದಾನೆ, ಅದನ್ನು ಭಾವನ ಹತ್ತಿರ ಹೇಳಿಕೊಳ್ಳಲು ಅವಮಾನ ಅಂತ ನಿನ್ನ ಗಂಡ ಸುಮ್ಮನಿದ್ದಾನೆ ಅಂತಲೂ ಹೇಳಿದೆ.

ಬಸ್ಸಿನಲ್ಲಿ ವಾಪಸ್ ಬರುವಾಗ ನನಗೆ ಏನನ್ನಿಸಿತು ಗೊತ್ತೇ? ಖುಷಿ. ಕಿಟಕಿ ಪಕ್ಕ ಕೂತು ಒಬ್ಬಳೇ ನಗುತ್ತಿದ್ದೆ. ಗಾಜು ಕಟ್ಟಿಸಿದ ಲೈಸೆನ್ಸ್ ಇರುವವರ ಮನೆಯಲ್ಲೂ ಯಾರೋ ಟೈಲ್ಸ್ ಸಡಿಲ ಬಿಟ್ಟು ಹೋಗಿದ್ದಾರಲ್ಲ ಅಂತ.

ಮರುದಿನವೇ ನಿನ್ನ ಭಾವ ದೂರಿನ ಕಾಗದ ಕೊಟ್ಟು ನನ್ನನ್ನು ಆಫೀಸಿಗೆ ಕಳಿಸಿದರು. ಗುಮಾಸ್ತ ಓದಿದ. ದೂರು ತಗೊಂಡರೆ ವಿಚಾರಣೆ ಮುಗಿಯುವವರೆಗೆ ಲೈಸೆನ್ಸ್ ತಡೆಹಿಡಿಯುತ್ತೇವೆ ಅಂದ. ಲೈಸೆನ್ಸ್ ನಿಂತವನಿಗೆ ಮಾಲೀಕ ಯಾಕೆ ದುಡ್ಡು ಬಿಚ್ಚುತ್ತಾನೆ, ಅವರಿಗೂ ಬರುವುದಿಲ್ಲ, ನಿಮಗೂ ಬರುವುದಿಲ್ಲ ಅಂತ ಬಿಡಿಸಿ ಹೇಳಿದ. ಪುಟ್ಟಿ, ಅಷ್ಟು ಕೇಳಿದ ಮೇಲೂ ಕೊಟ್ಟುಬಿಡೋಣ ಅಂತಲೇ ಇತ್ತು ನನಗೆ. ನಮಗೆ ಬರದಿದ್ದರೆ ಬೇಡ, ನಿಮ್ಮ ಗೋಡೆಯಲ್ಲಿ ಬರೀ ಮೊಳೆ ಉಳಿದರೆ ಸಾಕು ಅನ್ನಿಸಿತ್ತು.

ಅಷ್ಟರಲ್ಲಿ ಅವನು ಪೆನ್ನು ತೆಗೆದು, ಈ ಕಂಟ್ರಾಕ್ಟರು ನಿಮಗೆ ಸಂಬಂಧವೇ ಅಂತ ಕೇಳಿದ. ತಂಗಿಯ ಗಂಡ ಅನ್ನಬೇಕು. ತಂಗಿ ಅನ್ನುವಷ್ಟರಲ್ಲೇ ಆ ಟೈಲ್ಸಿನ ಮೇಲೆ ಊರಿದ್ದ ನಿನ್ನ ಕಾಲುಗಳು ಕಣ್ಣ ಮುಂದೆ ಬಂದವು. ಚಿಕ್ಕವಳಿದ್ದಾಗ ಗಾಜಿನ ಲೋಟ ಒಡೆದು, ಅಮ್ಮನಿಗೆ ಕಾಣಬಾರದು ಅಂತ ಚೂರಿನ ಮೇಲೆ ಹೀಗೇ ನಿಂತಿದ್ದೆಯಲ್ಲ. ಆವತ್ತು ನಿನ್ನ ಪಾದದಿಂದ ಚೂರು ತೆಗೆದವಳು ನಾನು. ಬೇರೆ ಕಾಗದ ತಂದುಬಿಟ್ಟಿದ್ದೇನೆ ಅಂತ ಗುಮಾಸ್ತನಿಗೆ ಸುಳ್ಳು ಹೇಳಿ, ಅವನ ಕೈಯಿಂದ ಕಿತ್ತುಕೊಂಡು ಬಂದೆ.

ನಿನ್ನ ಗಂಡನಿಗೆ ಹೇಳು, ನೋಡೋಣ ಅನ್ನುವುದು ಬಿಟ್ಟು ನಿಜ ಏನೆಂದು ಬಾಯಿಬಿಟ್ಟು ಹೇಳಲಿ. ಷಡ್ಡಕರಿಬ್ಬರೂ ಒಟ್ಟಿಗೆ ಹೋಗಿ ಆ ಮಾಲೀಕನ ಎದುರು ಕೂರಲಿ. ಬಂದದ್ದರಲ್ಲಿ ಮೊದಲು ನಮ್ಮ ಬಾಕಿ ಕೊಡಿ. ಅಕ್ಕ ಅಂತ ಬಿಟ್ಟುಕೊಡುವಷ್ಟು ಒಳ್ಳೆಯವಳಲ್ಲ ನಾನು. ನಿನ್ನ ಎರಡು ನಲ್ಲಿಗಳ ಮೇಲಿನ ಹೊಟ್ಟೆಕಿಚ್ಚು ಇನ್ನೂ ಹಾಗೇ ಇದೆ.

ಸಿಟ್ಟು, ಪ್ರೀತಿ ಎರಡರಲ್ಲೂ ನಿನ್ನವಳೇ ಆದ,
ಅಕ್ಕ

ತಾ.ಕ.: ದೂರಿನ ಕಾಗದ ಇದರ ಜೊತೆಗೇ ಇಟ್ಟಿದ್ದೇನೆ, ಸುಟ್ಟುಹಾಕು. ಅಕ್ಷರ ನೋಡಿದೊಡನೆ ನಿನಗೆ ತಿಳಿಯುತ್ತದೆ, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. ಬರೆದವಳು ನಾನು. ಕೆಳಗೆ ನಿನ್ನ ಭಾವನ ಸಹಿ ಹಾಕಿದವಳೂ ನಾನೇ. ಶುಕ್ರವಾರ ನಾನು ಹಲ್ಲು ತೋರಿಸಲು ಹೋಗಿದ್ದೆ ಅಂತಲೇ ಅವರು ತಿಳಿದಿದ್ದಾರೆ. ನಿನ್ನ ಗಂಡನ ಮೇಲೆ ಅವರು ಒಂದು ದಿನವೂ ಸಿಟ್ಟಾಗಿಲ್ಲ, ಬರುತ್ತೆ ಬಿಡು ಅಂತಲೇ ಇದ್ದಾರೆ. ನಿನ್ನೆ ಒಲೆಯ ಮುಂದಿನ ಟೈಲ್ಸಿನ ವಿಷಯ ಅವರೆದುರು ನನ್ನ ಬಾಯಿ ತಪ್ಪಿ ಬಂತು. ಇನ್ನೊಬ್ಬ ಬಿಟ್ಟುಹೋದ ಟೈಲ್ಸನ್ನು ತಾವು ಮುಟ್ಟಬಾರದಂತೆ, ಆದರೆ ಬಿಸಿ ಪಾತ್ರೆ ಹಿಡಿದು ನೀನು ಎಡವಿದರೆ ಅಂತ ರಬ್ಬರ್ ಮ್ಯಾಟು ಕತ್ತರಿಸಿ ಇಟ್ಟುಕೊಂಡಿದ್ದಾರೆ. ನಮ್ಮ ಬಚ್ಚಲಿಗೆ ಒಂದು ಮ್ಯಾಟು ಹಾಕಿ ಅಂತ ನಾನು ಕೇಳಿ ವರ್ಷವಾಯಿತು. ನಾಳೆ ಅದನ್ನು ಹಾಸಲು ಬರುತ್ತಾರೆ, ಈ ಕಾಗದವನ್ನೂ ಲಕೋಟೆಗೆ ಹಾಕಿ ಅಂಟಿಸಿ ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ಅವರ ಎದುರಿಗೆ ಓದಬೇಡ.